ಗಡಸು ನೀರಿನಲ್ಲಿ ಕೆಂಪಾದ ಬಾಟಲಿಗಳು

ಹುಣಸೂರಿನ ಒಂದು ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುತ್ತೇನೆ. ಪಿಎಚ್‌ಡಿ ಮಾಡಬೇಕೆಂಬ ಆಸೆ ನನಗೆ ಹುಟ್ಟಿದ್ದು ತಡವಾಗಿ, ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ. ಬೆಳಿಗ್ಗೆ ಕೆ.ಆರ್. ನಗರದಿಂದ ಬಸ್ಸು ಹತ್ತಿ ಬಂದು, ಪಾಠ ಮುಗಿಸಿ, ಮಧ್ಯಾಹ್ನದ ಮೇಲೆ ಕಾಲೇಜಿನ ಲ್ಯಾಬಿನಲ್ಲೇ ಸಂಶೋಧನೆ ಮಾಡಿ, ಐದೂವರೆಯ ಬಸ್ಸಿಗೆ ಊರು ಸೇರುತ್ತಿದ್ದೆ. ಹೀಗೆ ವರ್ಷಗಟ್ಟಲೆ ನಡೆಯಿತು. ಅಷ್ಟು ವರ್ಷದಲ್ಲಿ ನಾನು ಹೊಸದೇನಾದರೂ ಕಂಡಿದ್ದರೆ, ಅದನ್ನು ಮೊದಲು ಕಂಡವರು ನಮ್ಮ ಲ್ಯಾಬಿನ ಅಟೆಂಡರ್. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಲೇ ಇದ್ದೆ.

ನಾನು ಆರಿಸಿಕೊಂಡಿದ್ದು ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾಗಳನ್ನು. ಗಿಡಗಳಂತೆಯೇ ಇವು ಬೆಳಕು ಹೀರಿ ಬೆಳೆಯುತ್ತವೆ. ಆದರೆ ಇವುಗಳ ಬಣ್ಣ ಹಸಿರಲ್ಲ. ಚೆನ್ನಾಗಿ ಬೆಳೆದಾಗ ಬಾಟಲಿಯ ನೀರು ಬೀಟ್‌ರೂಟ್ ಬೇಯಿಸಿ ಬಸಿದ ಹಾಗೆ ಕೆಂಪಗಾಗುತ್ತದೆ. ಗಾಳಿಯಾಡದ ಕೆಸರಿನಲ್ಲಿ, ಮೇಲಿನಿಂದ ಒಂದಿಷ್ಟು ಬಿಸಿಲು ಇಳಿಯುವ ಕಡೆ ಇವು ಧಾರಾಳವಾಗಿ ಸಿಗುತ್ತವೆ. ಭತ್ತದ ಗದ್ದೆ ಇವಕ್ಕೆ ತವರುಮನೆಯಿದ್ದಂತೆ. ಹಾಗಾಗಿ ನನ್ನ ಮೊದಲ ಕೆಸರು ಬಂದಿದ್ದು ಕೆ.ಆರ್. ನಗರದ ಹತ್ತಿರ ಇರುವ ಅಪ್ಪನ ಗದ್ದೆಯಿಂದ. ನಾನು ಸೆರಗು ಸಿಕ್ಕಿಸಿಕೊಂಡು ಕೆಸರನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬುವುದನ್ನು ಬದುವಿನ ಮೇಲೆ ನಿಂತು ನೋಡಿದ ಅಪ್ಪ, "ಇಷ್ಟೆಲ್ಲ ಓದಿ ಕೊನೇಗೆ ಕೆಸರು ಹೊರೋಕೆ ಬಂದ್ಯಲ್ಲ ತಾಯಿ" ಎಂದು ನಕ್ಕರು. ಆ ಬಾಟಲಿಯನ್ನು ಲ್ಯಾಬಿನ ಕಿಟಕಿಯಲ್ಲಿಟ್ಟೆ. ಮೂರನೆಯ ವಾರದ ಹೊತ್ತಿಗೆ ಗಾಜಿನ ಒಳಮೈಗೆ ಕೆಂಪು ಹತ್ತಿತು. ಅದನ್ನು ಮೊದಲು ನೋಡಿ ನನ್ನನ್ನು ಕೂಗಿದವರೂ ಆ ಅಟೆಂಡರೇ.

ಅವರನ್ನು ನಾನು ಅಕ್ಕ ಎನ್ನುತ್ತೇನೆ. ನನಗಿಂತ ಹದಿನೈದು ವರ್ಷ ದೊಡ್ಡವರು. ಊರು ಹನಗೋಡಿನ ಕಡೆ, ಲಕ್ಷ್ಮಣತೀರ್ಥದ ಹತ್ತಿರ. ಬಾಟಲಿ, ಟ್ಯೂಬು ತೊಳೆಯುವುದು, ಕುಕ್ಕರಿನಲ್ಲಿ ಅವನ್ನು ಕುದಿಸಿ ಶುದ್ಧ ಮಾಡುವುದು, ಯಂತ್ರದಲ್ಲಿ ನೀರನ್ನು ಆವಿಯಾಗಿಸಿ, ಖನಿಜವಿಲ್ಲದ ಡಿಸ್ಟಿಲ್ಡ್ ನೀರು ಇಳಿಸಿ ಕ್ಯಾನು ತುಂಬುವುದು ಅವರ ಕೆಲಸ. ಗುತ್ತಿಗೆಯ ನೌಕರಿ, ವರ್ಷ ವರ್ಷ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಓದಿದ್ದು ಏಳನೇ ಕ್ಲಾಸು. ಕಾಲೇಜಿಗೆ ಬರುವ ಮೊದಲು ಹನ್ನೆರಡು ವರ್ಷ ಹೊಗೆಸೊಪ್ಪು ವಿಂಗಡಿಸುವ ಕೆಲಸ ಮಾಡಿದ್ದರು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲಹೊಲಕ್ಕೂ ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ ಮನೆಗಳಿವೆ. ಅಲ್ಲಿಂದ ಇಳಿಸಿದ ಎಲೆಗಳನ್ನು ಹೆಂಗಸರು ಸಾಲಾಗಿ ಕೂತು ಬಣ್ಣ ನೋಡಿ ಬೇರೆ ಮಾಡುತ್ತಾರೆ. ನಿಂಬೆ ಬಣ್ಣದ್ದು ಒಂದು ಕಡೆ, ಕಿತ್ತಳೆಯದು ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ. ನಮ್ಮಂಥವರ ಕಣ್ಣಿಗೆ ಒಂದೇ ಆಗಿ ಕಾಣುವ ಎಲೆಗಳಲ್ಲಿ ಅವರಿಗೆ ನಾಲ್ಕು ಬಣ್ಣ ಕಾಣುತ್ತದೆ.

ಆ ಕಣ್ಣು ನನ್ನ ಲ್ಯಾಬಿಗೆ ಎಂಥ ವರವೆಂದು ತಿಳಿಯಲು ಸ್ವಲ್ಪ ಸಮಯ ಹಿಡಿಯಿತು. ಒಂದು ದಿನ ಬಲ್ಬಿನ ಮುಂದೆ ಸಾಲಾಗಿಟ್ಟ ಬಾಟಲಿಗಳನ್ನು ಒರೆಸುತ್ತಾ ಅಕ್ಕ ಹೇಳಿದರು: "ಮೇಡಮ್ಮೋರೆ, ಈ ಬಾಟ್ಲಿ ಆ ಬಾಟ್ಲಿಗಿಂತ ವಸಿ ಮುಂದೈತೆ."

"ಎರಡೂ ಒಂದೇ ಥರ ಇದಾವಲ್ಲ ಅಕ್ಕ."

"ಒಂದೇ ಅಲ್ಲ ಕಣಮ್ಮ. ಬಲ್ಬಿಗೆ ಇಡ್ದು ನೋಡ್ಬ್ಯಾಡಿ. ಬಿಳೀ ಗ್ವಾಡೆ ಮುಂದೆ ಇಟ್ ನೋಡಿ."

ನನಗೆ ಗೋಡೆಯ ಮುಂದಿಟ್ಟರೂ ವ್ಯತ್ಯಾಸ ಕಾಣಲಿಲ್ಲ. ಬಣ್ಣದ ಗಾಢತೆ ಅಳೆಯುವ ಕಲರಿಮೀಟರ್ ನಮ್ಮಲ್ಲಿ ಒಂದಿತ್ತು, ಹಳೆಯದು. ಅದಕ್ಕೆ ಹಾಕಿ ನೋಡಿದೆ. ಅಕ್ಕ ಹೇಳಿದ ಬಾಟಲಿಯೇ ಮುಂದಿತ್ತು. ಬೇಕೆಂದೇ ಇನ್ನೂ ಆರು ಬಾಟಲಿ ಕೊಟ್ಟು, ತಿಳಿಯಿಂದ ಗಾಢಕ್ಕೆ ಜೋಡಿಸಿ ಎಂದೆ. ಅವರು ಒಂದು ನಿಮಿಷದಲ್ಲಿ ಜೋಡಿಸಿದರು. ನಾನು ಯಂತ್ರದಲ್ಲಿ ಅಳೆದು ಮುಗಿಸುವಷ್ಟರಲ್ಲಿ ಅರ್ಧ ಗಂಟೆ ಕಳೆಯಿತು. ಎರಡೂ ಸಾಲು ಒಂದೇ ಆಗಿದ್ದವು. ಅಂದಿನಿಂದ ಯಾವ ಬಾಟಲಿಯನ್ನು ಅಳೆಯುವ ಮೊದಲೂ ಅಕ್ಕನನ್ನು ಕೇಳುವುದು ರೂಢಿಯಾಯಿತು.

ನನ್ನ ಪ್ರಶ್ನೆ ಕ್ಯಾಡ್ಮಿಯಂ ಎಂಬ ಲೋಹದ್ದು. ಅದು ವಿಷ. ಕೆಲವು ಗೊಬ್ಬರಗಳ ಜೊತೆ ಚೂರು ಚೂರೇ ಮಣ್ಣಿಗೆ ಸೇರುತ್ತದೆ. ಹೊಗೆಸೊಪ್ಪಿನ ಗಿಡಕ್ಕಂತೂ ಅದನ್ನು ಮಣ್ಣಿನಿಂದ ಎಳೆದು ಎಲೆಯಲ್ಲಿ ಕೂಡಿಟ್ಟುಕೊಳ್ಳುವ ಗುಣವಿದೆ. ಇಂಥ ಲೋಹ ಕೆಸರಿಗೆ ಬಂದರೆ ಅಲ್ಲಿನ ಬೆಳಕುಜೀವಿಗಳ ಗತಿಯೇನು ಎಂದು ತಿಳಿಯುವುದು ನನ್ನ ಉದ್ದೇಶ. ಮೈಸೂರಿನಲ್ಲಿದ್ದ ನನ್ನ ಗೈಡ್ ಹಿರಿಯರು, ಮಾತು ಕಡಿಮೆ. ವಿಷದ ಪರಿಣಾಮ ಸ್ಪಷ್ಟವಾಗಿ ಕಾಣಲಿ ಎಂದು, ಬ್ಯಾಕ್ಟೀರಿಯಾಗಳಿಗೆ ಕೊಡುವ ಆಹಾರದ ನೀರಿನಲ್ಲಿ ಖನಿಜದ ಉಪ್ಪುಗಳನ್ನು ಬದುಕಲು ಬೇಕಾದಷ್ಟೇ ಹಾಕಲು ಹೇಳಿದ್ದರು. ಹಾಗೆ ಮಾಡಿ, ಒಂದು ಸಾಲು ಬಾಟಲಿಗೆ ಕ್ಯಾಡ್ಮಿಯಂ ಹಾಕಿದೆ, ಇನ್ನೊಂದು ಸಾಲಿಗೆ ಹಾಕಲಿಲ್ಲ. ವಿಷವಿಲ್ಲದ ಸಾಲು ನಾಲ್ಕು ದಿನದಲ್ಲಿ ಕೆಂಪಾಯಿತು. ವಿಷದ ಸಾಲು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ನಿಂತಿತು. ಎಷ್ಟು ಸಲ ಮಾಡಿದರೂ ಹಾಗೆಯೇ. ಪ್ರಯೋಗ ಮುಗಿದ ಮೇಲೆ ಆ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ. ಬೇರೆ ಕ್ಯಾನಿನಲ್ಲಿ ಬಿಗಿಯಾಗಿ ಮುಚ್ಚಿಟ್ಟು ಮೈಸೂರಿಗೆ ಕಳಿಸುತ್ತಿದ್ದೆವು. ಅದರಲ್ಲೊಂದು ತೊಟ್ಟು ಹೊರಗೆ ಬೀಳದಂತೆ ಅಕ್ಕ ಕೈಗವಸು ಹಾಕಿಕೊಂಡು ಸುರಿಯುತ್ತಿದ್ದ ರೀತಿಯನ್ನು ವಿದ್ಯಾರ್ಥಿಗಳಿಗೆ ತೋರಿಸಿ ಕಲಿಸುತ್ತಿದ್ದೆ.

ಎರಡನೆಯ ವರ್ಷದ ಮಾರ್ಚ್‌ನಲ್ಲಿ ನನಗೆ ಪಿರಿಯಾಪಟ್ಟಣದಲ್ಲಿ ಒಂದು ವಾರ ಪರೀಕ್ಷೆಯ ಡ್ಯೂಟಿ ಬಿತ್ತು. ಹೋಗುವ ಮುಂಚೆ ಅಕ್ಕನಿಗೆ, ನಾನು ಬರುವಷ್ಟರಲ್ಲಿ ಡಿಸ್ಟಿಲ್ಡ್ ನೀರಿನ ಕ್ಯಾನು ತುಂಬಿರಲಿ ಎಂದು ಹೇಳಿದ್ದೆ. ವಾಪಸು ಬಂದಾಗ ಕ್ಯಾನು ತುಂಬಿತ್ತು. ಹೊಸದಾಗಿ ಬಾಟಲಿಗಳನ್ನು ಹೂಡಿದೆ. ಐದನೆಯ ದಿನ ಸೋಮವಾರ. ಲ್ಯಾಬಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟೆ. ವಿಷ ಹಾಕಿದ ಸಾಲು ಕೂಡ ಕೆಂಪಾಗಿತ್ತು.

ಒಂದು ಬಾಟಲಿಯಲ್ಲ, ಎಂಟಕ್ಕೆ ಎಂಟೂ. ಹಣೆಪಟ್ಟಿ ಅದಲುಬದಲಾಗಿದೆಯೇ ಎಂದು ನೋಡಿದೆ. ಇರಲಿಲ್ಲ. ಬಾಟಲಿಗಳ ತಳದಲ್ಲಿ ಸುಣ್ಣದ ಪುಡಿಯಂಥದ್ದೇನೋ ಸಣ್ಣಗೆ ಇಳಿದಿತ್ತು. ಅದನ್ನು ನೋಡಿದೆ, ನೋಡಿಯೂ ಬಿಟ್ಟುಬಿಟ್ಟೆ. ನನ್ನ ತಲೆಯಲ್ಲಿ ಆಗಲೇ ಬೇರೆ ಕಥೆ ಓಡತೊಡಗಿತ್ತು. ಈ ಬ್ಯಾಕ್ಟೀರಿಯಾಗಳು ವಿಷಕ್ಕೆ ಒಗ್ಗಿಕೊಂಡಿವೆ, ಬದಲಾಗಿವೆ, ಇದು ವಿಷ ತಡೆಯುವ ಹೊಸ ತಳಿ! ಅದೇ ಕ್ಯಾನಿನ ನೀರಿನಲ್ಲಿ ಇನ್ನೊಮ್ಮೆ ಮಾಡಿದೆ. ಮತ್ತೆ ಕೆಂಪಾಯಿತು. ಗೈಡ್‌ಗೆ ಫೋನ್ ಮಾಡಿ ಉಸಿರು ಕಟ್ಟಿದವಳ ಹಾಗೆ ಹೇಳಿದೆ. ಯಾವತ್ತೂ ಹೊಗಳದ ಅವರು, "ನಿಜವಾಗಿದ್ದರೆ ಒಳ್ಳೆಯದು. ಮುಂದಿನ ತಿಂಗಳ ವಿಚಾರ ಸಂಕಿರಣದಲ್ಲಿ ಹೇಳಿ" ಎಂದರು. ಮನೆಗೆ ಮೈಸೂರುಪಾಕು ತೆಗೆದುಕೊಂಡು ಹೋದೆ. ಮಗಳು ಯಾಕೆ ಎಂದು ಕೇಳಿದಳು. "ಅಮ್ಮನ ಹುಳ ಪಾಸಾಯ್ತು" ಎಂದೆ.

ಆ ದಿನಗಳಲ್ಲಿ ಅಕ್ಕ ಮಾತು ಕಡಿಮೆ ಮಾಡಿದ್ದರು. ಬಾಟಲಿ ಜೋಡಿಸಿ ಎಂದರೆ ಜೋಡಿಸುತ್ತಿದ್ದರು, ತಾವಾಗಿ ಏನೂ ಹೇಳುತ್ತಿರಲಿಲ್ಲ. ಮನೆಯಲ್ಲೇನೋ ತೊಂದರೆ ಇರಬಹುದು ಅಂದುಕೊಂಡೆ. ನನ್ನ ಸಂಭ್ರಮದಲ್ಲಿ ಕೇಳಲೂ ಇಲ್ಲ.

ಒಂದು ಗುರುವಾರ ಊಟದ ಹೊತ್ತಿನಲ್ಲಿ, ಲ್ಯಾಬಿನಲ್ಲಿ ಇಬ್ಬರೇ ಇದ್ದಾಗ, ಅವರು ಡಬ್ಬಿ ಮುಚ್ಚಿಟ್ಟು ನನ್ನ ಮೇಜಿನ ಮುಂದೆ ಬಂದು ನಿಂತರು.

"ಮೇಡಮ್ಮೋರೆ, ಬಯ್ಯದಾದ್ರೆ ಬಯ್ಯಿರಿ, ಕೆಲ್ಸದಿಂದ ತಗದ್ರೂ ತಗೀರಿ. ಏಳ್ದೆ ಇರಕ್ಕೆ ಆಗ್ತಿಲ್ಲ."

"ಏನಾಯ್ತು ಅಕ್ಕ?"

"ಆ ಕೆಂಪಾದ ಬಾಟ್ಲಿಗೆಲ್ಲ ನಾನು ಮಿಶಿನ್ ನೀರು ಕೊಟ್ಟಿರ್ಲಿಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಸೆರಗಿನ ತುದಿ ಸುತ್ತುತ್ತಾ ಹೇಳುತ್ತಾ ಹೋದರು. "ನೀವು ಪಿರಿಯಾಪಟ್ಣಕ್ಕೆ ಓಗಿದ್ರಲ್ಲ, ಆ ವಾರ ನೀರು ಇಳ್ಸೋ ಮಿಶಿನ್ದು ಕಾಯಿಲ್ ಸುಟ್ಟೋಯ್ತು. ಆಫೀಸ್ಗೆ ಏಳ್ದೆ, ರಿಪೇರಿಯೋರು ಬರ್ಲಿಲ್ಲ. ನೀವು ಬರೋ ಒತ್ಗೆ ಕ್ಯಾನು ತುಂಬಿರ್ಬೇಕು ಅಂದಿದ್ರಿ. ಇಂದ್ಗಡೆ ಬೋರ್‌ವೆಲ್ ನಲ್ಲೀಲಿ ಇಡ್ದು, ಬಿಳೀ ಬಟ್ಟೇಲಿ ಸೋಸಿ ತುಂಬುಸ್ಬುಟ್ಟೆ. ಎಂಗಿದ್ರೂ ಕುಕ್ಕರ್‌ನಲ್ಲಿ ಕುದುಸ್ತೀವಲ್ಲ, ಏನಾಗ್ತದೆ ಅನ್ಕಂಡೆ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತು ಅದು ಏಳೋ ಅಂತ ಇಸ್ಯ ಅನ್ನುಸ್ಲಿಲ್ಲ ಕಣಮ್ಮ. ಆಮೇಲೆ ನೀವು ಫೋನಲ್ಲಿ ಸಾರ್‌ಗೆ, ಇದು ಬ್ಯಾರೆ ಜಾತಿ, ಇಸಕ್ಕೆ ಬಗ್ಗಲ್ಲ ಅಂತ ಏಳ್ತಿದ್ರಿ. ಆವಾಗ ಎದೆ ದಸಕ್ಕಂತು. ಅದು ಬ್ಯಾರೆ ಜಾತಿ ಅಲ್ಲ. ಅದೇ ಉಳ. ನೀರು ಬ್ಯಾರೆ."

ಕೋಪ ನೆತ್ತಿಗೇರಿತು. "ಎರಡು ವಾರ ಸುಮ್ಮನಿದ್ದು, ನಾನು ಊರಿಗೆಲ್ಲ ಹೇಳಿಕೊಂಡ ಮೇಲೆ ಹೇಳ್ತಿದ್ದೀರಾ? ಇದು ಆಟದ ಸಾಮಾನು ಅಂದುಕೊಂಡ್ರಾ?" ಎಂದುಬಿಟ್ಟೆ. ಅವರು ತಲೆ ತಗ್ಗಿಸಿ ನಿಂತೇ ಇದ್ದರು. ಮೆಲ್ಲಗೆ, "ಆ ನೀರು ಅರ್ಧ ಕ್ಯಾನು ಉಳ್ದೈತೆ. ಚೆಲ್ಲಿಲ್ಲ. ಮಿಶಿನ್ ರಿಪೇರಿ ಆದ್ಮೇಲೆ ಒಸ ನೀರ ಬ್ಯಾರೆ ಕ್ಯಾನಿಗೆ ಇಡ್ದಿವ್ನಿ. ಅಳೇ ಕ್ಯಾನಿನ್ ಮೇಲೆ ಬಳಪದಲ್ಲಿ ಬೋರು ಅಂತ ಬರ್ದಿವ್ನಿ. ನೀವು ನೋಡ್ಬೋದು ಅಂತ" ಎಂದರು.

ನಾನು ಚೀಲ ಎತ್ತಿಕೊಂಡು ಹೊರಟೆ. ಆ ಮಧ್ಯಾಹ್ನ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಮೊದಲು ಬಂದಿದ್ದು ಅವಮಾನ. ಗೈಡ್‌ಗೆ ಏನು ಹೇಳಲಿ? ಸಂಕಿರಣದ ಪಟ್ಟಿಯಲ್ಲಿ ನನ್ನ ವಿಷಯ ಆಗಲೇ ಸೇರಿತ್ತು. ಬಸ್ಸು ಊರು ಮುಟ್ಟುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ತಳದಲ್ಲಿ ಬಿಳಿ ಪುಡಿ ಇಳಿದಿದ್ದನ್ನು ನಾನೇ ನೋಡಿದ್ದೆ. ಡಿಸ್ಟಿಲ್ಡ್ ನೀರಿನಲ್ಲಿ ಅದು ಬರಲು ಸಾಧ್ಯವಿಲ್ಲವೆಂದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ನನಗೆ ಬೇಕಾದ ಉತ್ತರ ಸಿಕ್ಕಿದ್ದರಿಂದ ನಾನು ಪ್ರಶ್ನೆ ಕೇಳಲಿಲ್ಲ. ಗುತ್ತಿಗೆ ನೌಕರಿಯ, ಏಳನೇ ಕ್ಲಾಸು ಓದಿದ ಆ ಹೆಂಗಸು ಕೆಲಸ ಹೋಗಬಹುದೆಂದು ಗೊತ್ತಿದ್ದೂ ಬಂದು ಹೇಳಿದ್ದರು. ಅಷ್ಟೇ ಅಲ್ಲ, ಪರೀಕ್ಷಿಸಿ ನೋಡಲು ಬೇಕಾಗುವ ನೀರನ್ನು ಚೆಲ್ಲದೆ, ಗುರುತು ಹಾಕಿ ಇಟ್ಟಿದ್ದರು. ಇಬ್ಬರಲ್ಲಿ ಯಾರು ವಿಜ್ಞಾನ ಮಾಡಿದ್ದರು ಎಂದು ಕೇಳಿಕೊಂಡರೆ ಉತ್ತರ ನನ್ನ ಪರವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದವಳೇ, "ಅಕ್ಕ, ನಿನ್ನೆ ಹಾಗೆ ಮಾತಾಡಬಾರದಿತ್ತು. ತಪ್ಪಾಯ್ತು" ಎಂದೆ.

"ಅಯ್ಯೋ ಬುಡಿ, ನೀವು ಬಯ್ದಿದ್ದೇ ವಾಸಿ. ಎದೆ ಮೇಲಿಂದ ಕಲ್ಲು ಇಳ್ದಂಗಾಯ್ತು. ರಾತ್ರಿ ನೆಟ್ಗೆ ಉಂಡೆ" ಎಂದು ಅವರು ಪೊರಕೆ ಕೈಗೆತ್ತಿಕೊಂಡರು.

ಅಂದೇ ಎರಡು ಸಾಲು ಹೂಡಿದೆವು. ಒಂದೇ ಬ್ಯಾಕ್ಟೀರಿಯಾ, ಒಂದೇ ಅಳತೆಯ ಕ್ಯಾಡ್ಮಿಯಂ. ಒಂದು ಸಾಲಿಗೆ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ ಬೋರು ಎಂದು ಬರೆದಿದ್ದ ಕ್ಯಾನಿನ ನೀರು. ಐದನೆಯ ದಿನ ಒಂದು ಸಾಲು ಬೆಳ್ಳಗೆ, ಒಂದು ಸಾಲು ಕೆಂಪಗೆ ನಿಂತಿತ್ತು. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಅದೇ ಹುಳ, ನೀರು ಬೇರೆ.

ಗೈಡ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು, "ಹಾಗಾದರೆ ನಿಮ್ಮ ಬ್ಯಾಕ್ಟೀರಿಯಾದಲ್ಲಿ ವಿಶೇಷವಿಲ್ಲ, ನಿಮ್ಮ ನೀರಿನಲ್ಲಿದೆ. ಆ ನೀರು ಎಂಥದ್ದು ಅಂತ ಆಕೆಯನ್ನು ಕೇಳಿದಿರಾ?" ಎಂದರು.

"ಇಲ್ಲ ಸರ್."

"ಕೇಳಿ. ಅವರಿಗೆ ಗೊತ್ತಿರುತ್ತದೆ."

ಕೇಳಿದೆ. ಅಕ್ಕ ಯೋಚಿಸಲೇ ಇಲ್ಲ. "ಅದು ಬ್ಯಾಳೆ ಬೇಯದ ನೀರು ಕಣಮ್ಮ. ಎಷ್ಟು ಉರಿ ಆಕುದ್ರೂ ತೊಗ್ರಿ ಬ್ಯಾಳೆ ಕಲ್ಲಂಗೇ ಇರ್ತದೆ. ಸೋಪು ನೊರೆ ಬರಲ್ಲ. ಪಾತ್ರೆ ತಳ್ದಲ್ಲಿ ಸುಣ್ಣ ಕಟ್ಕತದೆ. ನಮ್ಮೂರಲ್ಲಿ ಎಲ್ಡು ಬೋರೈತೆ. ಒಂದ್ರಲ್ಲಿ ಬ್ಯಾಳೆ ಬೇಯ್ತದೆ, ಒಂದ್ರಲ್ಲಿ ಬೇಯಲ್ಲ. ಒಳೆ ನೀರಲ್ಲಂತೂ ಬೆಣ್ಣೆಯಂಗೆ ಬೇಯ್ತದೆ."

ಗಡಸು ನೀರು. ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿರುವ ನೀರು. ಖನಿಜಗಳನ್ನು ನಾನು ಬೇಕೆಂದೇ ಕಡಿಮೆ ಮಾಡಿದ್ದ ಬಾಟಲಿಗಳಿಗೆ ಅಕ್ಕ ಗೊತ್ತಿಲ್ಲದೆ ಅವನ್ನು ಧಾರಾಳವಾಗಿ ಕೊಟ್ಟಿದ್ದರು. ವಿಷ ಇದ್ದಷ್ಟೇ ಇತ್ತು, ಆದರೆ ಬ್ಯಾಕ್ಟೀರಿಯಾ ಬದುಕಿದ್ದವು. ನನ್ನ ಸಂಶೋಧನೆಯ ದಾರಿ ಅಲ್ಲಿಂದ ಬೇರೆ ಕಡೆ ತಿರುಗಿತು. ಸಂಕಿರಣದಲ್ಲಿ ಹೇಳಬೇಕಾಗಿದ್ದನ್ನು ಹಿಂತೆಗೆದುಕೊಂಡೆ.

ಆ ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಬಸ್ಸಿನಲ್ಲಿ ಓಡಾಡಿ ನೀರು ತಂದೆವು. ಹನಗೋಡಿನಲ್ಲಿ ಹೊಳೆಯ ನೀರು, ಕೆ.ಆರ್. ನಗರದಲ್ಲಿ ನಾಲೆಯ ನೀರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯಲ್ಲಿ ಬೋರ್‌ವೆಲ್ ನೀರು, ಸರಗೂರಿನ ಹತ್ತಿರ ಒಂದು ತೆರೆದ ಬಾವಿಯ ನೀರು. ತೊಳೆದ ಬಾಟಲಿಗಳನ್ನು ತರಕಾರಿ ಚೀಲದಲ್ಲಿ ಹೊತ್ತುಕೊಂಡು ಹೋಗುವುದು; ಎಲ್ಲಿ ಹೆಂಗಸರು ನೀರು ಹಿಡಿಯುತ್ತಿದ್ದರೋ ಅಲ್ಲಿ ಅಕ್ಕ ಮಾತು ತೆಗೆಯುವುದು. ಸರಗೂರಿನ ಬಾವಿಕಟ್ಟೆಯಲ್ಲಿ ಒಬ್ಬರು ನೀರು ಸೇದುತ್ತಿದ್ದರು. ಅಕ್ಕ ನೇರವಾಗಿ ಕೇಳಿದರು: "ನಿಮ್ಮ ನೀರಲ್ಲಿ ಬ್ಯಾಳೆ ಬೇಯ್ತದೇನವ್ವ?"

ಆಕೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಯಾಕವ್ವ, ಎಣ್ಣು ಕೊಡಕ್ಕೆ ಮನೆ ನೋಡ್ತಿದ್ದೀರಾ?" ಎಂದರು.

ಬಾವಿಕಟ್ಟೆಯಲ್ಲಿ ನಿಂತು ನಾವು ಮೂವರೂ ನಕ್ಕಿದ್ದು ಇನ್ನೂ ನೆನಪಿದೆ. ಬೇಳೆ ಬೇಯುತ್ತದೆ ಎಂದು ಆಕೆ ಹೇಳಿದರು. ಅಕ್ಕ ಬಾಟಲಿಯ ಚೀಟಿಯ ಮೇಲೆ "ಬೇಯ್ತದೆ" ಎಂದು ಬರೆದುಕೊಂಡರು.

ಲ್ಯಾಬಿಗೆ ಬಂದು ನಾನು ಪ್ರತಿ ನೀರಿನ ಗಡಸುತನ ಅಳೆದೆ. ಅಕ್ಕನ ಬೇಳೆಯ ಲೆಕ್ಕಕ್ಕೂ ನನ್ನ ಅಳತೆಗೂ ಎಲ್ಲಿಯೂ ಜಗಳವಿರಲಿಲ್ಲ. ಆಮೇಲೆ ಎಲ್ಲ ನೀರಿನಲ್ಲೂ ಬ್ಯಾಕ್ಟೀರಿಯಾ ಹಾಕಿ, ಒಂದೇ ಅಳತೆಯ ವಿಷ ಹಾಕಿದೆವು. ಬೇಳೆ ಬೇಯದ ನೀರುಗಳಲ್ಲಿ ಕೆಂಪಾಯಿತು. ಬೇಯುವ ನೀರುಗಳಲ್ಲಿ ಬೆಳ್ಳಗೆ ಉಳಿಯಿತು. ಹೊಳೆಯ ನೀರಿನಲ್ಲಿ ಬಾಟಲಿ ಪೂರ್ತಿ ಸೋತಿತ್ತು. ಒಂದೇ ಒಂದು ಮಾತ್ರ ಮಾತು ಕೇಳಲಿಲ್ಲ. ಸರಗೂರಿನ ಬಾವಿಯ ನೀರು. ಬೇಳೆ ಬೇಯುತ್ತದೆ, ಗಡಸುತನ ಕಡಿಮೆ, ಆದರೂ ಬಾಟಲಿ ತಕ್ಕಮಟ್ಟಿಗೆ ಕೆಂಪಾಗಿತ್ತು.

ನಾನು ಅಳತೆ ತಪ್ಪಿರಬೇಕು ಎಂದು ಮತ್ತೆ ಮಾಡಿದೆ. ಮತ್ತೆ ಅದೇ. ಅಕ್ಕ ಆ ನೀರಿನ ಬಾಟಲಿಯನ್ನು ಗೋಡೆಯ ಮುಂದಿಟ್ಟು ನೋಡಿ, "ಆ ಬಾವಿಕಟ್ಟೇಲಿ ಒಗ್ದು ಆಕಿದ್ದ ಬಿಳೀ ಪಂಚೆ ನೋಡುದ್ರಾ ಮೇಡಮ್ಮೋರೆ? ಕಾವಿ ತಿರುಗಿತ್ತು. ತುಕ್ಕಿನ್ ನೀರಿರ್ಬೋದು" ಎಂದರು. ನಾನು ಪಂಚೆಯನ್ನು ನೋಡಿರಲಿಲ್ಲ. ಪರೀಕ್ಷೆ ಮಾಡಿದರೆ ಅದರಲ್ಲಿ ಕಬ್ಬಿಣ ಚೆನ್ನಾಗಿತ್ತು. ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾತ್ರವಲ್ಲ, ಕಬ್ಬಿಣವೂ ವಿಷದ ಏಟನ್ನು ತಗ್ಗಿಸುತ್ತದೆ ಎಂಬ ದಾರಿ ನಮಗೆ ಕಂಡಿದ್ದು ಹಾಗೆ, ಯಾರೋ ಒಗೆದು ಹಾಕಿದ ಪಂಚೆಯಿಂದ.

ಒಂದು ಮಧ್ಯಾಹ್ನ ಟ್ಯೂಬು ತೊಳೆಯುತ್ತಾ ಅಕ್ಕ ಕೇಳಿದರು: "ಒಂದ್ ಅನುಮಾನ ಕಣಮ್ಮ. ಈ ಸುಣ್ಣದ್ ನೀರು ಇಸಾನೇ ಕೊಂದಾಕ್ತದಾ? ಇಲ್ಲ ಇಸ ಅಂಗೇ ಇದ್ದು, ಉಳದ್ ಒಳೀಕ್ಕೆ ಓಗಕ್ಕೆ ಬುಡಲ್ವಾ?"

ನಾನು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಆ ಒಂದು ಪ್ರಶ್ನೆಗೆ ಉತ್ತರ. ಗೈಡ್ ಕೂಡ ಹಿಂದಿನ ವಾರವಷ್ಟೇ ಅದನ್ನೇ ಕೇಳಿದ್ದರು, ಇಂಗ್ಲಿಷಿನಲ್ಲಿ, ಇದರ ಮೂರರಷ್ಟು ಉದ್ದವಾಗಿ.

ಬೋರ್ ನೀರನ್ನು ಬಿಟ್ಟು, ಡಿಸ್ಟಿಲ್ಡ್ ನೀರಿಗೇ ಒಂದೊಂದೇ ಖನಿಜದ ಉಪ್ಪನ್ನು ಹಾಕುತ್ತಾ ಹೋದೆವು. ಒಂದರಲ್ಲಿ ಕ್ಯಾಲ್ಸಿಯಂ, ಒಂದರಲ್ಲಿ ಮೆಗ್ನೀಸಿಯಂ, ಒಂದರಲ್ಲಿ ಎರಡೂ. ಬೆಳೆದ ಬ್ಯಾಕ್ಟೀರಿಯಾಗಳನ್ನು ಗಿರಗಿರನೆ ತಿರುಗಿಸುವ ಯಂತ್ರದಲ್ಲಿ ತಳಕ್ಕಿಳಿಸಿ, ಮೇಲಿನ ತಿಳಿನೀರನ್ನೂ ತಳದ ಕೆಂಪು ಮುದ್ದೆಯನ್ನೂ ಬೇರೆ ಬೇರೆಯಾಗಿ ಮೈಸೂರಿಗೆ ಕಳಿಸಿ, ಕ್ಯಾಡ್ಮಿಯಂ ಎಲ್ಲಿ ಎಷ್ಟಿದೆ ಎಂದು ಅಳೆಸಿದೆವು. ಫಲಿತಾಂಶ ಬಂದ ದಿನ ನಾನು ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ವಿವರಿಸಿದೆ. ವಿಷ ಸತ್ತಿರಲಿಲ್ಲ. ಹೆಚ್ಚಿನದು ನೀರಿನಲ್ಲೇ ಇತ್ತು, ಬ್ಯಾಕ್ಟೀರಿಯಾದ ಒಳಗೆ ಕಡಿಮೆ ಹೋಗಿತ್ತು. ಕ್ಯಾಡ್ಮಿಯಂ ಒಳಗೆ ಹೋಗುವುದು ತನ್ನದೇ ಬಾಗಿಲಿನಿಂದಲ್ಲ. ಜೀವಕ್ಕೆ ಬೇಕಾದ ಖನಿಜಗಳು ಹೋಗುವ ಬಾಗಿಲಲ್ಲೇ ಕಳ್ಳನಂತೆ ನುಸುಳುತ್ತದೆ. ಆ ಖನಿಜಗಳೇ ದಂಡಿಯಾಗಿ ಬಾಗಿಲಲ್ಲಿ ನಿಂತಿದ್ದರೆ ಅದಕ್ಕೆ ಜಾಗ ಸಿಗುವುದು ಕಷ್ಟ. ಬೋರ್ ನೀರಿನಲ್ಲಿ ಮಾತ್ರ ಇದರ ಜೊತೆಗೆ ಇನ್ನೊಂದು ನಡೆದಿತ್ತು. ಸ್ವಲ್ಪ ವಿಷ ಆ ಬಿಳಿ ಪುಡಿಯ ಜೊತೆ ಸೇರಿ ತಳಕ್ಕಿಳಿದಿತ್ತು; ಅಷ್ಟನ್ನು ನೀರೇ ಕೊಂದ ಹಾಗೆ.

"ಅಂಗಾದ್ರೆ ನಾನು ಕೇಳಿದ್ದು ಎಲ್ಡೂ ಸರಿ" ಎಂದರು ಅಕ್ಕ.

"ಎರಡೂ ಸರಿ."

ಅವರು ಅಲ್ಲಿಗೆ ಬಿಡಲಿಲ್ಲ. "ಇಸ ಇನ್ನೂ ಜಾಸ್ತಿ ಆಕುದ್ರೆ?"

ಅದನ್ನೂ ಮಾಡಿ ನೋಡಿದೆವು. ಕ್ಯಾಡ್ಮಿಯಂ ಹೆಚ್ಚಿಸುತ್ತಾ ಹೋದಂತೆ ಒಂದು ಹಂತದಲ್ಲಿ ಎಷ್ಟೇ ಖನಿಜ ಕೊಟ್ಟರೂ ಬಾಟಲಿ ಬೆಳ್ಳಗೆ ನಿಂತಿತು. ಖನಿಜ ಕಾಪಾಡುವುದಕ್ಕೂ ಒಂದು ಮಿತಿಯಿದೆ ಎಂದು ಬರೆದುಕೊಂಡೆ. ತಮ್ಮ ಹೊಗೆಸೊಪ್ಪಿನ ಹೊಲಕ್ಕೆ ಸುಣ್ಣ ಎರಚಿದರೆ ಎಲೆಯಲ್ಲಿ ವಿಷ ಕಡಿಮೆಯಾಗುತ್ತದೆಯೇ ಎಂದೂ ಅಕ್ಕ ಕೇಳಿದರು. ಬಾಟಲಿಯಲ್ಲಿ ಕಂಡಿದ್ದನ್ನು ಹೊಲಕ್ಕೆ ಹೇಳಲು ನನಗೆ ಧೈರ್ಯವಿಲ್ಲ, ಗೊತ್ತಿಲ್ಲ ಎಂದೆ. "ಗೊತ್ತಿಲ್ಲ ಅಂದ್ರಲ್ಲ, ಅದೇ ಸರಿ ಬುಡಿ" ಎಂದರು.

ಪ್ರಬಂಧ ಮುಗಿಯಿತು. ಮೈಸೂರಿನಲ್ಲಿ ಮೌಖಿಕ ಪರೀಕ್ಷೆಯ ದಿನ ಅಕ್ಕ ರಜೆ ಹಾಕಿ ಬಂದರು. ಹಸಿರು ರೇಷ್ಮೆ ಸೀರೆ, ತಲೆಗೆ ಹೂವು. ಅಷ್ಟು ಜನ ಓದಿದವರ ನಡುವೆ ಮುಜುಗರವೆಂದು ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದರು. ನಾನು ಒಂದು ಗಂಟೆ ಮಾತಾಡಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಿಗರೇ. ಕೊನೆಗೆ ಅವರು ಕೇಳಿದರು: "ಎಲ್ಲರೂ ಶುದ್ಧ ನೀರಿನಲ್ಲಿ ಮಾಡುವ ಪ್ರಯೋಗ ಇದು. ಗಡಸು ನೀರಿನಲ್ಲಿ ಮಾಡಿ ನೋಡಬೇಕೆಂದು ನಿಮಗೆ ಹೇಗೆ ಹೊಳೆಯಿತು?"

ಓದಿದವರು ಒಪ್ಪುವಂಥ ಒಂದು ಉತ್ತರ ನಾಲಿಗೆಯ ತುದಿಯವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು ಹೇಳಿದೆ: "ನನಗೆ ಹೊಳೆಯಲಿಲ್ಲ ಸರ್. ಅದು ತಪ್ಪಿನಿಂದ ಆಯಿತು. ನಾನು ಆ ತಪ್ಪನ್ನು ದೊಡ್ಡ ಸಂಶೋಧನೆ ಅಂದುಕೊಂಡಿದ್ದೆ. ಅದು ತಪ್ಪು ಅಂತ ಹೇಳಿದವರು ನಮ್ಮ ಲ್ಯಾಬಿನ ಅಟೆಂಡರ್. ಇಲ್ಲೇ ಇದ್ದಾರೆ." ಎಂದು ನಡೆದಿದ್ದನ್ನೆಲ್ಲ ಹೇಳಿ, ಹಿಂದಿನ ಸಾಲಿನ ಕಡೆ ಕೈ ತೋರಿಸಿದೆ.

ಎಲ್ಲರೂ ತಿರುಗಿ ನೋಡಿದರು. ಅಕ್ಕ ಗಾಬರಿಯಿಂದ ಎದ್ದು ನಿಂತರು. ಪರೀಕ್ಷಕರು ಮೃದುವಾಗಿ ಕೇಳಿದರು: "ಕೂತ್ಕೊಳ್ಳಿಮ್ಮ. ನೀವು ಹೇಳದೆ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾಕೆ ಹೇಳಿದಿರಿ?"

ಅಕ್ಕ ಕೂರಲಿಲ್ಲ. "ಗೊತ್ತಾಗ್ದೆ ಏನ್ ಸಾ? ಆ ಕ್ಯಾನ್ ಖಾಲಿ ಆದ್ಮೇಲೆ ಮಿಶಿನ್ ನೀರು ಆಕ್ತಿದ್ರು. ಬಾಟ್ಲಿ ಬೆಳ್ಳಗೇ ನಿಂತ್ಕತಿತ್ತು. ಆವಾಗ ಮೇಡಮ್ಮೋರು ಯಾಕಿಂಗಾಯ್ತು ಅಂತ ವರ್ಸಾನುಗಟ್ಲೆ ಒಬ್ರೇ ತಲೆ ಕೆಡುಸ್ಕಬೇಕಾಗಿತ್ತು. ನಂಗೆ ಗೊತ್ತಿದ್ದೂ ನೋಡ್ಕಂಡು ಇರ್ಬೇಕಾಗಿತ್ತು. ಅದು ಆಗ್ತದಾ?"

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಕಡೆ ತಿರುಗಿ, "ನನ್ನ ಪ್ರಶ್ನೆ ಮುಗಿಯಿತು" ಎಂದರು. ನನ್ನ ಗೈಡ್ ಎದ್ದು ಹೋಗಿ ಅಕ್ಕನಿಗೆ ಕೈಮುಗಿದರು. ಅಷ್ಟು ವರ್ಷಗಳಲ್ಲಿ ಅವರು ಯಾರಿಗಾದರೂ ಹಾಗೆ ಕೈಮುಗಿದಿದ್ದನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ನಾವಿಬ್ಬರೂ ಊಟಕ್ಕೆ ಕೂತೆವು. ಅಕ್ಕ ಕೇಳಿದರು: "ಆ ಪುಸ್ತಕದಲ್ಲಿ ಬೋರ್ ನೀರಿನ್ ಇಸ್ಯಾನೂ ಬರ್ದಿದ್ದೀರಾ?"

"ಬರೆದಿದ್ದೀನಿ. ಏನಾಯ್ತು, ಯಾರು ಹೇಳಿದ್ದು, ಎಲ್ಲ. ನಿಮ್ಮ ಹೆಸರೂ ಇದೆ."

"ಎಸ್ರು ಯಾಕೆ ಆಕುದ್ರಿ" ಎಂದರಾದರೂ, ಯಾವ ಪುಟ ಎಂದು ಕೇಳಿ, ಪ್ರಬಂಧವನ್ನು ಎಡಗೈಯಲ್ಲಿ ಎಚ್ಚರಿಕೆಯಿಂದ ತೆರೆದು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ತಮ್ಮ ಹೆಸರನ್ನು ಓದಿಕೊಂಡರು. ಎರಡು ಸಲ ಓದಿದರು. ಆಮೇಲೆ, ಸಾರು ತಣ್ಣಗಾಗುತ್ತಿದೆ ಊಟ ಮಾಡಿ ಎಂದು ನನಗೇ ಹೇಳಿದರು.

ಅಕ್ಕ ಈಗಲೂ ನಮ್ಮ ಲ್ಯಾಬಿನಲ್ಲಿದ್ದಾರೆ. ಗುತ್ತಿಗೆ ವರ್ಷ ವರ್ಷ ಮುಂದುವರಿಯುತ್ತಿದೆ. ಅದನ್ನು ಕಾಯಂ ಮಾಡಿಸಲು ನಾವು ಕೆಲವರು ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಈ ವರ್ಷ ನಾವು ನಿಕ್ಕಲ್ ಎಂಬ ಇನ್ನೊಂದು ಲೋಹ ಹಿಡಿದಿದ್ದೇವೆ. ಮೆಗ್ನೀಸಿಯಂ ಕೊಟ್ಟರೆ ಅದರ ಏಟೂ ತಗ್ಗುತ್ತದೆಯೇ ಎಂದು ನೋಡುತ್ತಿದ್ದೇವೆ. ನನ್ನ ಇಬ್ಬರು ವಿದ್ಯಾರ್ಥಿನಿಯರು ಬೆಳಿಗ್ಗೆ ಬಂದ ಕೂಡಲೇ ಬಾಟಲಿಗಳನ್ನು ನನ್ನ ಮೇಜಿಗೆ ತರುವುದಿಲ್ಲ. ಸಿಂಕಿನ ಹತ್ತಿರ ಒಯ್ಯುತ್ತಾರೆ. ಅಕ್ಕ ಕೈ ಒರೆಸಿಕೊಂಡು, ಒಂದೊಂದನ್ನೇ ಗೋಡೆಯ ಮುಂದಿಟ್ಟು ನೋಡುತ್ತಾರೆ. ಇವತ್ತಿನ ಮಟ್ಟಿಗೆ ಏನೂ ಗೊತ್ತಾಗಲಿಲ್ಲ, ಇನ್ನೆರಡು ದಿನ ಬಿಡಿ ಎಂದರಂತೆ. ಬಿಟ್ಟಿದ್ದೇವೆ.